ತಡಸದ ತನಕ ಉಳಿಯುವ ಪಚ್ಚೆತೆನೆ

ಕಿರುಬೆರಳಿನದು ಹೋಯಿತು, ಇಷ್ಟು ಬೇಗ, ಅಂಗಡಿ ಕಟ್ಟೆಯ ಮೇಲಿನ ನೆರಳು ಇನ್ನೂ ಆ ತುದಿ ಮುಟ್ಟಿಲ್ಲ, ಆಗಲೇ ಕಿರುಬೆರಳಿನ ಪಚ್ಚೆ ಹಾರಿಹೋಗಿ ಬರೀ ಎಣ್ಣೆಯ ಜಿಡ್ಡು ಉಳಿದಿದೆ, ಉಂಗುರದ ಬೆರಳಿನದು ಇದೆಯೋ ಇಲ್ಲವೋ, ಇದ್ದ ಹಾಗೆ ಅನಿಸುತ್ತದೆ, ಮೂಸಿದರೆ ಇಲ್ಲ, ಮೂಸಬೇಡಿ ಅನ್ನುತ್ತಾನೆ ಈ ಕರೀಮಸಾಬ, ಅತ್ತರು ಮಾರಲು ಕೂತವನೇ ಮೂಸಬೇಡ ಅಂದರೆ ನಾನೇನು ಅದನ್ನು ಕುಡಿಯಲೇ — ಗಳಿಗಿಗೊಮ್ಮೆ ಮೂಗಿಗೆ ಹಿಡೀಬ್ಯಾಡ್ರಿ ಕಂಪೌಂಡರ್ ಸಾಹೇಬ್ರ, ಮೂಗು ದಣಿತೈತಿ, ನಾ ನಮಾಜ್ ಮುಗಿಸಿ ಬರೂತನಕಾ ಸುಮ್ಮನ ಕುಂತ್ರಿ — ಕುಂತ್ರಿ ಅಂತೆ ಕುಂತ್ರಿ, ಮುಂಜಾನೆಯಿಂದ ಕೂತೇ ಇದ್ದೇನೆ, ಸವಣೂರಿನ ನೊಣಗಳೆಲ್ಲ ಬಂದು ನನ್ನ ಬಲಗೈ ನೋಡಿಕೊಂಡು ಹೋದವು, ಬೆರಳು ನಾಲ್ಕು, ಮಣಿಕಟ್ಟು ಒಂದು, ಐದು ಕಡೆ ಐದು ನಮೂನೆಯ ಪಚ್ಚೆತೆನೆ, ಅವನ ಬಾಯಲ್ಲಿ ಪಚೋಲಿ, ಎಲ್ಲವೂ ಅದೇ ಎಲೆಯ ಎಣ್ಣೆಯಂತೆ, ಆದರೂ ಒಂದು ಹೊಸದಂತೆ, ಒಂದು ಮೂರು ವರ್ಷ ಕುಪ್ಪಿಯಲ್ಲೇ ಕೂತದ್ದಂತೆ, ಒಂದು ಗಂಧದೆಣ್ಣೆಯಲ್ಲಿ ಇಳಿಸಿದ್ದಂತೆ, ಉಳಿದೆರಡು ಏನಂದನೋ ಮರೆತೆ, ಕೇಳಿದವರು ಯಾರು, ನಾನು ಕೇಳಿದ್ದು ಒಂದೇ ಮಾತು, ಯಾವುದು ತಡಸದ ತನಕ ಉಳೀತದ ಹೇಳ್ರಿ ಕರೀಮಸಾಬ್ರ, ಸವಣೂರಿನಿಂದ ಶಿಗ್ಗಾಂವಿ, ಶಿಗ್ಗಾಂವಿಯಿಂದ ತಡಸ, ಯುದ್ಧ ಶುರುವಾದಾಗಿನಿಂದ ಪೆಟ್ರೋಲಿಲ್ಲದೆ ಇದ್ದಲಿಯ ಗ್ಯಾಸಿನ ಮೇಲೆ ಕೆಮ್ಮುತ್ತ ಓಡುವ ಮೋಟಾರು, ಅದರ ಹೊಗೆ, ಧೂಳು, ಬೆವರು, ಇಷ್ಟನ್ನೂ ತಡೆದುಕೊಂಡು ಮಾವನ ಮನೆಯ ಹೊಸ್ತಿಲಲ್ಲಿ ನಾನು ನಿಂತಾಗ ಮೈಯಿಂದ ಪಚ್ಚೆಯ ವಾಸನೆ ಬರಬೇಕು, ಬೇರೆ ಯಾವುದೂ ಬರಬಾರದು, ಇಷ್ಟೇ, ಇದಕ್ಕೆ ಎಡಗೈ ಕೊಡಿ ಅಂದ ಮುದುಕ, ಎಡಗೈ ಕೆಲಸ ಮಾಡೂದು ಕಡಿಮಿರಿ, ಅದು ಕೋರಾ, ಖಾಲಿ ಇರ್ತೈತಿ, ಅತ್ತರು ಪರೀಕ್ಷೆ ಮಾಡೂದು ಎಡಗೈ ಮ್ಯಾಲ, ಅಂದ, ನಾನು ಬಲಗೈಯನ್ನೇ ಚಾಚಿದೆ, ಗಂಧ ಅಕ್ಷತೆ ತೀರ್ಥ ಎಲ್ಲ ಬಲಗೈಗೆ ಬಂದವರು ನಾವು, ಎಡಗೈ ಯಾವುದಕ್ಕೆ ಅನ್ನುವುದು ಅವನಿಗೂ ಗೊತ್ತು ನನಗೂ ಗೊತ್ತು, ನಿಮ್ಮ ಮರ್ಜಿ ಅಂತ ನಕ್ಕ, ಆ ನಗೆ ನೋಡಿದರೆ ಎದ್ದು ಹೋಗಬೇಕು ಅನಿಸುತ್ತದೆ, ಹೋಗುವುದಾದರೂ ಎಲ್ಲಿಗೆ, ಮೂರು ಗಂಟೆಯ ತನಕ ಮೋಟಾರಿಲ್ಲ.

ಹೋದ ಸಲ ಕೆಟ್ಟದ್ದು ಅವ್ವನಿಂದ. ಹಾನಗಲ್ಲಿನಿಂದ ಹೊರಟವನನ್ನು ಬಾಗಿಲಲ್ಲೇ ತಡೆದು, ಜಯಾ, ಸವಣೂರಿಗೆ ಹೊಂಟೀಯಲಾ, ಅದ ಅತ್ತರು ದೇವರಿಗೂ ಆಗ್ತದ, ಆದರ ಮೂಸಬ್ಯಾಡ ನೋಡು, ಮೂಸಿದ್ದು ದೇವರಿಗೆ ಬರಂಗಿಲ್ಲ — ಮೂಸದನ ಹ್ಯಾಂಗ ಆರಿಸಲಿ ಅವ್ವಾ — ನೈವೇದ್ಯ ಮಾಡೂಮುಂದ ನಾ ಏನು ರುಚಿ ನೋಡ್ತೇನೇನು, ಬಣ್ಣಾ ನೋಡಿ ತಗೊಂಬಾ — ಮುಗಿಯಿತು, ನಮ್ಮವ್ವ ಕೃಷ್ಣಾಬಾಯಿಯವರು ಹೇಳಿದ ಮೇಲೆ ಬ್ರಹ್ಮ ಬಂದರೂ ತಿದ್ದುವ ಹಾಗಿಲ್ಲ, ದಿನಕ್ಕೆ ನೂರು ಶೀಶೆಯ ಬುಚ್ಚು ತೆಗೆದು ವಾಸನೆಯಿಂದಲೇ ಔಷಧ ಗುರುತಿಸುವ ನಾನು, ಹತ್ತು ವರ್ಷದ ಕಂಪೌಂಡರು, ಮೋಟಾರು ನಿಲ್ಲುವ ಕಡೆ ಪೆಟ್ಟಿಗೆ ಹಿಡಿದು ನಿಂತ ಯಾವನೋ ಒಬ್ಬನ ಹತ್ತಿರ ಉಸಿರು ಬಿಗಿಹಿಡಿದು ಬರೀ ಬಣ್ಣ ನೋಡಿ ಅತ್ತರು ಕೊಂಡೆ, ಕಾಸಿದ ತುಪ್ಪದ ಬಣ್ಣ, ಏನು ಚಂದ, ದೇವರಿಗೆ ಎರಡು ಹನಿ ಹಚ್ಚಿದರೆ ಮಂಗಳಾರತಿ ಎತ್ತುವುದರೊಳಗೆ ವಾಸನೆ ಮಾಯ, ದೇವರಿಗೆ ಮುಟ್ಟಿರಬೇಕು ಬಿಡು ಅಂದಳು ಅವ್ವ, ದೇವರಿಗೇನೋ ಮುಟ್ಟಿತು, ನಾನು ಉಳಿದ ಕುಪ್ಪಿಯನ್ನೆಲ್ಲ ಮೈಮೇಲೆ ಸುರಿದುಕೊಂಡು ತಡಸದಲ್ಲಿ ಇಳಿದಾಗ ಬಿಳಿ ಅಂಗಿಯ ತುಂಬ ಕಲೆ, ಎಳ್ಳೆಣ್ಣೆಯ ಕಮಟು, ಅದರ ಮೇಲೆ ಎಂದಿನಂತೆ ಅದು. ಡಾಕ್ಟರು ಪಾಪ ತಮ್ಮ ಇಂಗ್ಲಿಷ್ ಸೆಂಟು ಕೊಟ್ಟಿದ್ದರು, ಅದರಲ್ಲಿ ಸ್ಪಿರಿಟ್ ಇದೆ ಅಂದ ಕೂಡಲೇ ಅವ್ವ ಅದನ್ನು ಸೆರೆ, ಕುಡಿಯುವ ಹೆಂಡ, ಅಂದುಬಿಟ್ಟಳು, ಕುಪ್ಪಿ ಹಿತ್ತಲಲ್ಲೇ ಉಳಿಯಿತು, ಎಣ್ಣಿಗೆ ಮೈಲಿಗಿ ಇಲ್ಲಪಾ, ಅತ್ತರ ತಗೋ ಅಂತ ತೀರ್ಪು, ನಾನಾದರೂ ಆ ಹಿತ್ತಲಲ್ಲೇ ದಿನಾ ಸಂಜೆ ಸ್ನಾನ ಮಾಡಿ ಒಳಗೆ ಹೋಗುವವನು, ಕಡಲೆಹಿಟ್ಟು ಹಚ್ಚಿದೆ, ಸೀಗೆಪುಡಿ ಹಚ್ಚಿದೆ, ಲಿಂಬೆಯ ಹೋಳಿನಿಂದ ಉಗುರಿನ ಸಂದಿಯನ್ನೆಲ್ಲ ತಿಕ್ಕಿದೆ, ಹೋಗುವುದಿಲ್ಲ, ದವಾಖಾನೆಯ ಆ ಹಳದಿ ಪುಡಿ, ಅಯೋಡೋಫಾರ್ಮು, ಗಾಯದ ಮೇಲೆ ಉದುರಿಸುವುದು, ಒಮ್ಮೆ ಕೈಗೆ ಹತ್ತಿತೆಂದರೆ ಹೆಂಡತಿ ಬಿಟ್ಟು ಹೋದರೂ ಅದು ಬಿಟ್ಟು ಹೋಗುವುದಿಲ್ಲ.

ಬಿಟ್ಟು ಹೋದಳು ಅನ್ನಬಾರದು, ತವರಿನಲ್ಲಿದ್ದಾಳೆ, ನಾಲ್ಕು ತಿಂಗಳಾಯಿತು, ಊರವರಿಗೆ ಹಾಗೇ ಹೇಳುತ್ತೇನೆ, ಮನೋರಮಾ ತವರಿಗೆ ಹೋಗ್ಯಾಳ್ರಿ, ಅವರು ಹೌದಾ ಅನ್ನುತ್ತಾರೆ, ಆಮೇಲೆ ಏನೂ ಕೇಳುವುದಿಲ್ಲ, ಕೇಳದೆ ಇರುವ ಆ ಮುಖಗಳನ್ನು ನೋಡಿದರೇ ಮೈ ಉರಿಯುತ್ತದೆ. ಹೋದ ತಿಂಗಳು ತಡಸದಲ್ಲಿ, ಮಾವ ವಾದಿರಾಜರಾಯರು ಎದ್ದು ಬಂದು ಬರ್ರಿ ಜಯತೀರ್ಥರ, ಕುಂತ್ರಿ ಅಂದರು, ಅವಳು ತಂಬಿಗೆಯಲ್ಲಿ ನೀರು ತಂದಳು, ಐದು ಮೊಳ ದೂರದಲ್ಲಿ ನಿಂತಳು, ಸೆರಗು ಮೂಗಿಗೆ ಹೋಯಿತು, ಇನ್ನೂ ಅದರೀ ಅದು, ಅಂದಳು, ಜಗಳದ ದನಿಯಲ್ಲ, ಜಗಳವಾಡಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ, ಆ ವಾಸನಿ ಹೋದ ದಿನಾ ಬರ್ರಿ, ಅವತ್ತ ನಿಮ್ಮ ಸಂಗತೀನ ಬರ್ತೇನಿ, ಅಂತ ತಂಬಿಗೆ ಕೆಳಗಿಟ್ಟು ಒಳಗೆ ಹೋದಳು. ಇದು ಒಂದು ಕಾರಣವೇ, ಗಾಣದ ಉಳವಪ್ಪನ ಹೆಂಡತಿ ಸಾವಂತ್ರವ್ವ ಮೂವತ್ತು ವರ್ಷದಿಂದ ಹಿಂಡಿಯ ವಾಸನೆಯಲ್ಲೇ ಸಂಸಾರ ಮಾಡಿದ್ದಾಳೆ, ಒಂದು ದಿನವಾದರೂ ಗಂಟು ಕಟ್ಟಿದಳೇ, ದವಾಖಾನೆಯ ಕಸ ಗುಡಿಸುವ ಮುದಕವ್ವ ನನ್ನ ಪಕ್ಕದಲ್ಲೇ ದಿನವಿಡೀ ಇದ್ದು ಅದೇ ಕೈಯಿಂದ ರೊಟ್ಟಿ ತಿನ್ನುತ್ತಾಳೆ, ಇವಳಿಗೆ ಮಾತ್ರ ಮೂಗು, ಮೂಗು ಇದ್ದದ್ದು ನಿಜ, ಮದುವೆಯಾಗಿ ಬಂದಾಗ ಅವಳ ಟ್ರಂಕು ತೆರೆದರೆ ಮನೆಯೆಲ್ಲ ಪಚ್ಚೆತೆನೆ, ಸೀರೆ ಸೀರೆಯ ನಡುವೆ ಒಣಗಿಸಿದ ಎಲೆ, ತಡಸದ ಮನೆಯ ಬಚ್ಚಲ ನೀರು ಹೋಗುವ ಕಡೆ ಬೆಳೆಯುತ್ತದಂತೆ, ಹೆರಳಿನ ದಂಡೆಯಲ್ಲೂ ಅಬ್ಬಲಿಗೆಯ ಜೊತೆ ಅದೇ, ದಂಡೆಯಿಂದ ಒಂದು ಕುಡಿ ಚಿವುಟಿ ನನ್ನ ಅಂಗಿಯ ಕಿಸೆಗೆ ಹಾಕಿ, ನೀವಂದ್ರ ಒಂದು ದವಾಖಾನಿನರೀ, ಅಂತ ನಗುತ್ತಿದ್ದಳು, ನಗುತ್ತಿದ್ದಳು, ಹತ್ತಿರ ಕೂತು, ಆರು ವರ್ಷ ಇದೇ ಕೈಯಿಂದ ಹೂವು ಮುಡಿಸಿಕೊಂಡಿದ್ದಾಳೆ, ಆಗ ಬಾರದ ಹೇಸಿಕೆ ಈಗೆಲ್ಲಿಂದ ಬಂತು, ವಾಸನೆ ಏನು ಬದಲಾಯಿತು, ಅದೇ ಡಬ್ಬಿ, ಅದೇ ಪುಡಿ, ಅದೇ ನಾನು, ಬದಲಾದದ್ದು ಅಂದರೆ — ಬಿಳಿ ಬಟ್ಟೆಯ ತುದಿಯಿಂದ ಹೊರಗೆ ಒಂದು ಹೆಬ್ಬೆರಳು, ಸಣ್ಣದು — ಅದು ಬೇಡ, ಆ ಕಡೆ ಹೋಗುವುದೇ ಬೇಡ, ಉಂಗುರದ ಬೆರಳಿನದು ಹೋಯಿತೇನು, ಹೌದು, ಹೋಯಿತು, ನಡುಬೆರಳಿನದೂ ತೆಳ್ಳಗಾಗಿದೆ, ಉಳಿದದ್ದು ತೋರುಬೆರಳು, ಮಣಿಕಟ್ಟು, ಎದುರಿನ ಎಲೆ ಅಂಗಡಿಯವನು ವೀಳ್ಯದೆಲೆಯ ಮೇಲೆ ನೀರು ಚಿಮುಕಿಸುತ್ತಿದ್ದಾನೆ.

ಮೊಳೆ, ಚಕ್ಕಡಿಯ ಪಟ್ಟಿಯಿಂದ ಕಳಚಿ ಬಿದ್ದ ಒಂದು ತುಕ್ಕು ಮೊಳೆ, ಇಷ್ಟೇ ಇಷ್ಟು, ನನ್ನ ಮಗ ಅನಂತ ಅದರ ಮೇಲೆ ಕಾಲಿಟ್ಟ, ಐದು ವರ್ಷದ ಹುಡುಗ ನೆಲ ನೋಡಿ ಓಡುತ್ತಾನೆಯೇ, ಇಂಥ ಕಾಲು ನಾನು ಎಷ್ಟು ಕಟ್ಟಿಲ್ಲ, ಹನ್ನೊಂದು ದಿನ ದಿನಾ ಮುಂಜಾನೆ ದವಾಖಾನೆಯ ಮೇಜಿನ ಮೇಲೆ ಕೂರಿಸಿ ತೊಳೆದು, ಹಳದಿ ಪುಡಿ ಉದುರಿಸಿ, ಬಟ್ಟೆ ಸುತ್ತಿ, ಹೆಬ್ಬೆರಳೊಂದನ್ನು ಹೊರಗೆ ಬಿಡುತ್ತಿದ್ದೆ, ರಕ್ತ ಆಡುತ್ತದೆಯೋ ಇಲ್ಲವೋ ಗೊತ್ತಾಗಲಿ ಅಂತ, ಬೆರಳು ಆಡಸು ನೋಡೋಣ ಅಂದರೆ ಆಡಿಸುತ್ತಿದ್ದ, ಅಳುತ್ತಲೇ ಆಡಿಸಿ ನನ್ನ ಮುಖ ನೋಡುತ್ತಿದ್ದ, ಮುಗೀತೇನಪಾ, ಮುಗೀತು, ಮುಗೀತು — ನಾಲ್ಕನೆಯ ದಿನ ಮನೋರಮಾ, ಹುಬ್ಬಳ್ಳಿಗೆ ಕರಕೊಂಡು ಹೋಗೂಣ್ರಿ, ಅಂದಳು, ಇಷ್ಟಕ್ಕ ಹುಬ್ಬಳ್ಳಿಯ, ನಾ ಏನು ಹತ್ತು ವರ್ಷ ದವಾಖಾನ್ಯಾಗ ಮಣ್ಣು ಹೊತ್ತೇನೇನು, ಅಂದೆ, ಇದೇ ಸಿಡುಕಿನಿಂದ, ಬೇರೆ ದನಿ ನನಗೆ ಬರುವುದೇ ಇಲ್ಲ, ಐದನೆಯ ದಿನ ಡಾಕ್ಟರೂ ಅದನ್ನೇ ಹೇಳಿದರು, ಜ್ವರಾ ಏರಾಕತ್ತದ ಜಯತೀರ್ಥ, ಹುಬ್ಬಳ್ಳಿಗೆ ಒಯ್ಯಿ, ಆ ಮಾತು ನಾನು ಅವಳಿಗೆ ಹೇಳಲಿಲ್ಲ, ಇವತ್ತಿನ ತನಕ ಹೇಳಿಲ್ಲ, ಹೇಳಿದರೆ ನನ್ನ ಕೈ ಸೋತಿತು ಅಂತ ಆಗುತ್ತಿತ್ತು, ನಾಡಿದ್ದು ಇಳಿಯುತ್ತದೆ, ನಾಡಿದ್ದು ಇಳಿಯುತ್ತದೆ, ಹನ್ನೆರಡನೆಯ ದಿನ ಬೆಳಗಿನ ಮೋಟಾರು, ಅವಳ ತೊಡೆಯ ಮೇಲೆ ಅವನು, ಹಾನಗಲ್ಲಿನಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲೇ ತಡಸ, ಮೋಟಾರಿನ ತುಂಬ ಅದೇ ವಾಸನೆ, ಜನ ಮುಖ ತಿರುಗಿಸಿ ಕೂತಿದ್ದರು, ತಡಸ ಇನ್ನೂ ಒಂದು ಹರದಾರಿ ಇದ್ದಾಗ ಅವಳು ನನ್ನ ಕಡೆ ನೋಡಿದಳು, ಅವನ ಮುಖದ ಮೇಲೆ ಸೆರಗು ಎಳೆದಳು, ತಡಸ ಬಂತು, ಅವನನ್ನು ಎತ್ತಿಕೊಂಡು ಇಳಿದಳು, ಅಷ್ಟೇ, ಮತ್ತೆ ಹತ್ತಲಿಲ್ಲ. ನಾನು ಇಳಿಯುವಾಗ ಕಂಡಕ್ಟರ್ ನಿಮ್ಮ ಟಿಕೀಟು ಹುಬ್ಬಳ್ಳಿದು ಅಲ್ಲೇನ್ರಿ ಅಂದ, ಎಂಥ ಮಾತು, ಆ ಮಾತಿನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ದಿನವೆಲ್ಲ ಆ ಸಿಟ್ಟನ್ನೇ ಹಿಡಿದುಕೊಂಡು ನಿಂತಿದ್ದೆ.

ಬಂದ ಮುದುಕ, ನಮಾಜು ಮುಗಿಸಿ ಬಂದ, ಒದ್ದೆ ಗಡ್ಡ, ಅವಸರ ಅನ್ನುವುದು ಈ ಮನುಷ್ಯನ ಜಾತಕದಲ್ಲೇ ಇಲ್ಲ, ಎಲ್ಲಿ ಕೊಡ್ರಿ ಅಂತ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒಂದೊಂದೇ ಬೆರಳು ಮೂಸಿದ, ಇದು ಹೋತು, ಇದೂ ಹೋತು, ಇದು ಸಂಜೀತನಕ, ಮಣಿಕಟ್ಟಿಗೆ ಬಂದು ಕಣ್ಣು ಮುಚ್ಚಿದ, ಇದು ನೋಡ್ರಿ ನಿಂತೈತಿ, ಮೂರು ವರ್ಷದ್ದು, ತಡಸ ಯಾಕ, ನಾಳೆ ಹೊತ್ತು ಮುಳುಗಿದರೂ ಹೋಗಂಗಿಲ್ಲ — ಕಟ್ಟಿಕೊಡ್ರಿ ಹಂಗಾದ್ರ, ಮೋಟಾರ ಬರೂ ಹೊತ್ತಾತು — ತಡೀರಿ, ಕೆಳಗ ಏನೋ ಐತಲ್ರಿ, ದವಾಖಾನಿದು, ಮುಂಜಾನಿ ಇಷ್ಟು ಇರಲಿಲ್ಲ — ಏನು ಹೇಳುತ್ತಿದ್ದಾನೆ, ಮುಂಜಾನೆ ಇಷ್ಟಿರದೆ ಈಗೆಲ್ಲಿಂದ ಬರುತ್ತದೆ — ಅದಕ್ಕ ಎಡಗೈ ಕೊಡ್ರಿ ಅಂದೆ, ಪಚೋಲಿ ಮುಚ್ಚೂ ಎಣ್ಣಿ ಅಲ್ರಿ, ಹಿಡಿಯೂ ಎಣ್ಣಿ, ಗುಲಾಬಿ ಹಗುರ ವಾಸನಿ, ಹಾರಿ ಹೋಗತೈತಿ, ಹೋಗಬಾರದು ಅಂತ ಅದರಾಗ ಇದನ್ನ ಒಂದು ಹನಿ ಬಿಡತೇವಿ, ಕೆಳಗ ಏನಿರತೈತಿ ಅದನ್ನ ಇದು ಹಿಡಕೊಂಡು ಕುಂದರತೈತಿ — ಹಾಗಾದರೆ ಮುಂಜಾನೆಯಿಂದ ನಾನು ಕೂತು ಕಾದದ್ದು ಇದಕ್ಕೆ, ನಾಲ್ಕು ತಿಂಗಳು ಊರೂರು ತಿರುಗಿ ಹುಡುಕಿದ್ದು ಇದಕ್ಕೆ, ಅದನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿಸಿಕೊಳ್ಳುವುದಕ್ಕೆ, ಇದನ್ನು ಮುಂಜಾನೆಯೇ ಬಾಯಿ ಬಿಟ್ಟು ಹೇಳಬಾರದಿತ್ತೇ ಈ ಮನುಷ್ಯ, ಹೇಳಿದ್ದ, ಎಡಗೈ ಅಂದಿದ್ದ, ನಾನು ಕೇಳಲಿಲ್ಲ, ಡಾಕ್ಟರು ಅಂದಿದ್ದರು, ಕೇಳಲಿಲ್ಲ, ಅವಳು ಅಂದಿದ್ದಳು — ಅಷ್ಟಕ್ಕ ಯಾಕ ಚಿಂತಿ ಮಾಡ್ತೀರಿ, ಒಳಗ ಬಿಸಿನೀರು ಐತಿ, ಕಡ್ಲಿಹಿಟ್ಟು ಐತಿ, ಜ್ವಾಳದ ದಂಟಿನ ಬೂದಿ ಹಚ್ಚಿ ತಿಕ್ಕಿ ತೊಳಕೊಂಡ ಬರ್ರಿ, ಎಣ್ಣಿ ಸಂಗತೀನ ಅದು ಹಿಡದದ್ದೂ ಬರತೈತಿ, ಮೇಲಿಂದೂ ಹೋಗತೈತಿ, ಕೆಳಗಿಂದೂ ಹೋಗತೈತಿ, ಎರಡು ಸಲ ತೊಳದ್ರ ನಿಶಾನಿನ ಉಳಿಯಂಗಿಲ್ಲ, ಆಮ್ಯಾಲ ಎಡಗೈಗೆ ಹಚ್ಚಿಕೊಡತೇನಿ — ಮೂಗಿನ ಹತ್ತಿರ ಬಂತು ಕೈ, ನಾನು ತಂದದ್ದಲ್ಲ, ತಾನೇ ಬಂತು, ಮೇಲೆ ಪಚ್ಚೆ, ಒದ್ದೆ ಮಣ್ಣು, ಟ್ರಂಕು, ದಂಡೆ, ಅದರ ಕೆಳಗೆ ಹಳದಿ ಪುಡಿ, ಅದರ ಕೆಳಗೆ ಬೆಚ್ಚಗೆ, ಜ್ವರದ ಚರ್ಮ, ಎಣ್ಣೆ ಹಚ್ಚಿದ ತಲೆ ನನ್ನ ಎದೆಗೆ ಒರಗಿ, ಇದೇ ಕೈಯಲ್ಲಿ ಹಿಮ್ಮಡಿ ಕೂತಿತ್ತು, ಹಿಡಿಯ ತುಂಬ, ಈ ಕೈಯೊಂದರಲ್ಲೇ ಇದೆ, ಮತ್ತೆಲ್ಲೂ ಇಲ್ಲ, ಅಂಗಿ ಚಡ್ಡಿ ಎಲ್ಲ ಅವ್ವ ದಾನ ಕೊಟ್ಟಳು, ಬೆಳ್ಳಿ ಉಡಿದಾರ ತಡಸದಲ್ಲಿ ಅವಳ ಹತ್ತಿರ ಇದೆ, ನನ್ನ ಹತ್ತಿರ — ಕಂಪೌಂಡರ್ ಸಾಹೇಬ್ರ, ನೀರು ಆರತೈತಿ, ಏಳ್ರಿ — ನನ್ನ ಕೈ ಬೆನ್ನ ಹಿಂದೆ ಹೋಯಿತು, ಬ್ಯಾಡ, ತೊಳಿಯೂದು ಬ್ಯಾಡ್ರಿ, ಅಂದೆ, ಮುದುಕ ನೋಡುತ್ತಿದ್ದಾನೆ, ಶಿಗ್ಗಾಂವಿಯ ಮೋಟಾರು ಪಾಂವ್ ಅನ್ನುತ್ತಿದೆ, ಹೋಗಲಿ, ಕೂಗಲಿ, ಅವಳಿಗೆ ಏನು ಹೇಳಲಿ, ಹೋಗೇದ ಬಾ ಅನ್ನಲೇ, ಡಾಕ್ಟರು ಐದನೇ ದಿನಾನ ಹೇಳಿದ್ದರು ಅನ್ನಲೇ, ಬಿಳಿ ಬಟ್ಟೆ, ಬಟ್ಟೆಯ ತುದಿ, ಹೆಬ್ಬೆರಳು, ಹನ್ನೊಂದನೆಯ ದಿನ ಮುಂಜಾನೆ, ಬೆರಳು ಆಡಸು ನೋಡೋಣ, ನನ್ನ ಮುಖ ನೋಡಿದ, ಆಡಿಸಾಕತ್ತೇನಲ್ಲಪಾ ಅಂದ, ಆಡಿಸಾಕತ್ತೇನಲ್ಲಪಾ, ಹೆಬ್ಬೆರಳು ಅಲುಗದೆ ಹಾಗೇ ಇತ್ತು