ಬೂಟಿನೊಳಗೆ ಸಿಕ್ಕ ಕಾಗದ

ಮಕ್ಕಳ ಕಾಲು ಯಾರ ಮಾತನ್ನೂ ಕೇಳುವುದಿಲ್ಲ. ಇವತ್ತು ಸರಿಹೋದ ಬೂಟು ಆರು ತಿಂಗಳಿಗೆ ಕಚ್ಚತೊಡಗುತ್ತದೆ. ಇದು ಎಲ್ಲ ಅಪ್ಪ-ಅಮ್ಮಂದಿರಿಗೂ ಗೊತ್ತು. ಮೂರು ರಸ್ತೆ ಕೂಡುವಲ್ಲಿ ಬೂಟು ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಮೇಸ್ತ್ರಿಗಂತೂ ಇನ್ನೂ ಚೆನ್ನಾಗಿ ಗೊತ್ತಿತ್ತು. ಆದರೆ ವಿಮಾ ಕಂಪನಿಗೆ ಅದನ್ನು ಹೇಳುವುದು ಹೇಗೆ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಮೇಸ್ತ್ರಿಯ ಮಗಳಿಗೆ ಎಂಟು ವರ್ಷ. ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ಎಲ್ಲರಿಗೂ ಅವಳು ಗುಬ್ಬಿ. ಹುಟ್ಟಿದಾಗಿನಿಂದಲೂ ಬಲಗಾಲಿನ ಸ್ನಾಯು ಬಿಗಿ. ಹಿಮ್ಮಡಿ ನೆಲ ಮುಟ್ಟದೆ ತುದಿಗಾಲಲ್ಲಿ ನಡೆಯುತ್ತಿದ್ದಳು. ಎರಡು ವರ್ಷದ ಹಿಂದೆ ಡಾಕ್ಟರು ಬ್ರೇಸು ಹಾಕಿಸಿದ್ದರು. ಬ್ರೇಸು ಎಂದರೆ ಪಾದದಿಂದ ಮೊಣಕಾಲಿನ ಕೆಳಗಿನವರೆಗೆ ಕಾಲನ್ನು ಹಿಡಿದು ನಿಲ್ಲಿಸುವ ಗಟ್ಟಿ ಪ್ಲಾಸ್ಟಿಕ್ಕಿನ ಆಸರೆ. ಅದನ್ನು ಕಟ್ಟಿಕೊಂಡ ಮೇಲೆ ಗುಬ್ಬಿ ನಡೆದದ್ದೇನು, ಓಡಿದ್ದೇನು! ಊಟಕ್ಕೆ ಕರೆಯಲು ಅವಳಮ್ಮ ಬೀದಿಯ ಕೊನೆಯವರೆಗೆ ಹೋಗಬೇಕಾಗುತ್ತಿತ್ತು.

ಈಗ ಕಾಲು ಬೆಳೆದಿತ್ತು, ಬ್ರೇಸು ಬೆಳೆದಿರಲಿಲ್ಲ. ಬೆರಳುಗಳು ಹೊರಗೆ ಇಣುಕಿದವು, ಹಿಮ್ಮಡಿ ಮತ್ತೆ ಮೇಲೆದ್ದಿತು. ಹೀಗೇ ಬಿಟ್ಟರೆ ಸ್ನಾಯು ಇನ್ನಷ್ಟು ಬಿಗಿದು ಆಪರೇಷನ್ನೇ ಬೇಕಾದೀತು, ಬೇಗ ಹೊಸದು ಹಾಕಿಸಿ ಎಂದು ಡಾಕ್ಟರು ಚೀಟಿ ಬರೆದರು. ಮೇಸ್ತ್ರಿಯ ಹೆಂಡತಿ ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು. ಅಲ್ಲಿಂದಲೇ ಮನೆಮಂದಿಗೆಲ್ಲ ಆರೋಗ್ಯ ವಿಮೆ ಇತ್ತು. ಅರ್ಜಿ ಹಾಕಿದರು. ತಿಂಗಳಿಗೆ ಉತ್ತರ ಬಂತು: ಮಂಜೂರಾಗಿಲ್ಲ.

"ಅಷ್ಟು ದೊಡ್ಡ ಕಂಪನಿ ಇಲ್ಲ ಅಂದ್ಮೇಲೆ ಮುಗೀತು," ಎಂದ ಮೇಸ್ತ್ರಿ. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು."

"ಆ ಮಾತನ್ನ ಅವಳ ಕಾಲಿಗೆ ಹೇಳಿ, ಕೇಳತ್ತಾ ನೋಡೋಣ," ಎಂದಳು ಹೆಂಡತಿ.

ಮೇಸ್ತ್ರಿ ಸಿಟ್ಟು ಬಂದರೆ ಮಾತಾಡುವವನಲ್ಲ, ಕೆಲಸಕ್ಕೆ ಕೂರುವವನು. ಆ ಕಾಗದವನ್ನು ಅಂಗಡಿಗೆ ಒಯ್ದು, ಮುದುಡಿ, ರಿಪೇರಿಯಾಗಿ ಕೂತಿದ್ದ ಯಾವುದೋ ಬೂಟಿನ ಮೂತಿಯೊಳಗೆ ತುರುಕಿಬಿಟ್ಟ. ಆಕಾರ ಕೆಡದಿರಲೆಂದು ಬೂಟಿನೊಳಗೆ ಹಳೆ ಕಾಗದ ತುಂಬುವುದು ಅವನ ಕೈಗೆ ಅಂಟಿದ ಅಭ್ಯಾಸ. ಯಾರ ಬೂಟು ಎಂದೂ ನೋಡಲಿಲ್ಲ.

ಅದು ಗುಬ್ಬಿಯ ಡಾಕ್ಟರಿದ್ದ ಮಕ್ಕಳ ಆಸ್ಪತ್ರೆಯ ನರ್ಸಮ್ಮನ ಬೂಟು! ಆಕೆ ಮೂರು ವಾರ ಊರಲ್ಲಿರಲಿಲ್ಲ. ಬಂದವಳೇ ಬೂಟು ಒಯ್ದಳು. ಮಾರನೆಯ ಬೆಳಿಗ್ಗೆ ಮೇಸ್ತ್ರಿ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ನೋಡಿದರೆ, ನರ್ಸಮ್ಮ ದಾಪುಗಾಲು ಹಾಕುತ್ತ ಬರುತ್ತಿದ್ದಾಳೆ. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಮನೆಯ ಚಪ್ಪಲಿ, ಕೈಯಲ್ಲಿ ಮುದುಡಿದ ಕಾಗದ.

"ಮೇಸ್ತ್ರಿ, ಇದನ್ನ ಪೂರ್ತಿ ಓದಿದ್ರಾ?"

"ಓದೋಕೇನಿದೆ ನರ್ಸಮ್ಮ? ಮೊದಲನೇ ಸಾಲಲ್ಲೇ ಇಲ್ಲ ಅಂದಿದ್ದಾರೆ."

"ಹಿಂದಿನ ಪುಟ ನೋಡಿ. ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು ಅಂತ ಅವರೇ ಬರೆದಿದ್ದಾರೆ. ಇಪ್ಪತ್ತನಾಲ್ಕು ದಿನ ಇದು ನನ್ನ ಬೂಟಲ್ಲಿ ಮಲಗಿತ್ತು. ಇನ್ನು ಆರೇ ದಿನ ಇದೆ."

ಮೇಸ್ತ್ರಿ ಬಾಗಿಲು ಬಿಟ್ಟು ಕಾಗದ ಕೈಗೆ ತೆಗೆದುಕೊಂಡ. ಮೇಲ್ಮನವಿ ಎಂದರೆ ಕೋರ್ಟು ಕಚೇರಿ ಅಲೆಯುವುದು ಎಂದುಕೊಂಡಿದ್ದ ಅವನು. ಹಾಗಲ್ಲ, ನಿಮ್ಮ ತೀರ್ಮಾನ ಸರಿಯಿಲ್ಲ, ಇನ್ನೊಮ್ಮೆ ನೋಡಿ ಎಂದು ಆಧಾರ ಇಟ್ಟು ಕಂಪನಿಯನ್ನೇ ಕೇಳುವುದು ಎಂದು ನರ್ಸಮ್ಮ ಬಿಡಿಸಿ ಹೇಳಿದಳು. ಕೇಳಿದ ತಪ್ಪಿಗೆ ಇರುವ ವಿಮೆಯನ್ನೂ ಕಿತ್ತುಕೊಂಡರೆ ಎಂದು ಅವನು ಮತ್ತೆ ಹಿಂಜರಿದ. ಇದು ಬೇಡುವುದಲ್ಲ, ಜಗಳವೂ ಅಲ್ಲ, ವಿಮೆ ಇದ್ದವರ ಹಕ್ಕು ಎಂದಳು ಆಕೆ. ಆಗಲೂ ಕಂಪನಿ ಇಲ್ಲವೆಂದರೆ ಅದರ ಹೊರಗಿನವರ ಹತ್ತಿರ ದೂರು ಕೊಡುವ ದಾರಿಯೂ ಇದೆ, ಆ ವಿಳಾಸವೂ ಇದೇ ಕಾಗದದಲ್ಲಿದೆ ಎಂದು ಬೆರಳಿಟ್ಟು ತೋರಿಸಿದಳು.

"ಅಳದ ಮಗುಗೆ ಹೆತ್ತ ತಾಯೀನೂ ಹಾಲು ಕೊಡಲ್ಲ, ಮೇಸ್ತ್ರಿ. ಕಂಪನಿ ಕೊಡುತ್ತಾ?"

ಮೊದಲು ಕಾರಣ ಹುಡುಕಬೇಕಲ್ಲ, ಇಬ್ಬರೂ ಕಾಗದವನ್ನು ತೊಗಲು ಬಡಿಯುವ ಕಲ್ಲಿನ ಮೇಲೆ ಹರಡಿ ಓದಿದರು. ಕಾರಣ ಒಂದೇ ಸಾಲು: "ಈಗಿರುವ ಉಪಕರಣ ಸುಸ್ಥಿತಿಯಲ್ಲಿರುವುದು ಫೋಟೋದಿಂದ ಕಂಡುಬರುತ್ತದೆ."

ಸುಸ್ಥಿತಿಯೇ? ನರ್ಸಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಮೇಸ್ತ್ರಿ ಮಾತ್ರ ತಲೆ ತಗ್ಗಿಸಿದ. ಅರ್ಜಿಯ ಜೊತೆ ಬ್ರೇಸಿನ ಫೋಟೋ ಕೇಳಿದ್ದರು. ಸೀಳಿದ, ಕೊಳೆಯಾದ ವಸ್ತುವನ್ನು ನಾಲ್ಕು ಜನರ ಮುಂದೆ ಇಡಲು ಅವನ ಕೈ ಒಪ್ಪಲಿಲ್ಲ. ಅವನೇನು ಸಾಮಾನ್ಯ ಕೆಲಸಗಾರನೇ! ಹಿಮ್ಮಡಿಯ ಹತ್ತಿರ ಸೀಳು ಬಿಟ್ಟಿದ್ದ ಬ್ರೇಸಿಗೆ ಮೆತ್ತನೆಯ ತೊಗಲು ಕೂಡಿಸಿ, ಒಂದು ಬೆರಳಗಲ ಉದ್ದ ಮಾಡಿ, ಜೋಡಿ ಹೊಲಿಗೆ ಹಾಕಿ, ಪಾಲಿಶ್ ಕೊಟ್ಟು, ಫಳಫಳ ಹೊಳೆಯಿಸಿ ಫೋಟೋ ತೆಗೆದು ಕಳಿಸಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು, ಮೇಸ್ತ್ರಿಗೆ ತನ್ನ ಹೊಲಿಗೆ ಮುದ್ದು. ಕಂಪನಿಯವರು ಆ ಚಂದ ನೋಡಿಯೇ ಇಲ್ಲವೆಂದಿದ್ದರು.

"ಆದ್ರೂ ಕೆಲಸ ಗಟ್ಟಿಯಾಗಿದೆ ನರ್ಸಮ್ಮ," ಎಂದ ಮೆಲ್ಲಗೆ. ಇನ್ನಾರು ತಿಂಗಳು ತಳ್ಳಬಹುದೇನೋ ಎಂಬ ಆಸೆ ಅವನಿಗೆ ಇನ್ನೂ ಇತ್ತು.

ನರ್ಸಮ್ಮ ವಾದಕ್ಕೆ ಇಳಿಯಲಿಲ್ಲ. ಸಂಜೆ ಗುಬ್ಬಿ ಶಾಲೆಯಿಂದ ನೇರ ಅಂಗಡಿಗೆ ಬಂದಾಗ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಬ್ರೇಸು ಬಿಚ್ಚಿದಳು, ಕಾಲುಚೀಲ ಎಳೆದಳು. ಹಿಮ್ಮಡಿಯ ಮೇಲೆ ಕೆಂಪಗೆ, ಹಸಿಯಾಗಿ ಒಂದು ಗೀರು ಗಾಯ. ಮೇಸ್ತ್ರಿ ಬ್ರೇಸಿನೊಳಗೆ ಹೆಬ್ಬೆರಳು ಆಡಿಸಿದ. ಗಾಯ ಎಲ್ಲಿತ್ತೋ ಸರಿಯಾಗಿ ಅಲ್ಲೇ ಅವನ ಹೊಲಿಗೆಯ ಉಬ್ಬು ಬೆರಳಿಗೆ ತಾಕಿತು.

"ಯಾಕಮ್ಮ ಹೇಳ್ಲಿಲ್ಲ?"

"ಅಪ್ಪ ಹೊಲಿದಿದ್ದು ಅಲ್ವಾ," ಎಂದಳು ಗುಬ್ಬಿ. "ಬೇಜಾರಾಗುತ್ತೆ ಅಂತ."

ಮೇಸ್ತ್ರಿ ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗಾಯವನ್ನು ಮೆತ್ತಗೆ ಒರೆಸಿದ. ಆಮೇಲೆ ಎದ್ದು ಚೂಪು ಕತ್ತಿ ತೆಗೆದುಕೊಂಡು, ತಾನು ಹಾಕಿದ್ದ ಹೊಲಿಗೆಯನ್ನು ತಾನೇ ಒಂದೊಂದಾಗಿ ಕತ್ತರಿಸಿದ. ತೊಗಲು ಕಳಚಿತು, ಒಳಗಿನ ಸೀಳು ಬಾಯಿಬಿಟ್ಟಿತು. ಈಗ ಫೋಟೋ ತೆಗೆಯಿರಿ ಎಂದ.

ಅಲ್ಲಿಂದ ಆ ಮನೆಗೆ ಬಂದ ಹುರುಪನ್ನು ನೋಡಬೇಕಿತ್ತು! ಹೆಂಡತಿ ಮಾರನೆಯ ದಿನವೇ ಕಾರ್ಖಾನೆಯ ಆಫೀಸಿಗೆ ಹೋಗಿ ವಿಮೆಯ ನಿಯಮಗಳ ಪುಸ್ತಕ ತಂದಳು. ಕಂಪನಿಗೆ ಫೋನು ಮಾಡಿ, ಮಾತಾಡಿದವರ ಹೆಸರು, ದಿನ, ಅವರು ಹೇಳಿದ್ದು ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಳು. ನರ್ಸಮ್ಮ ಡಾಕ್ಟರನ್ನು ಕಂಡು, ಹೊಸ ಬ್ರೇಸು ಯಾಕೆ ಬೇಕು, ತಡವಾದರೆ ಮಗುವಿಗೆ ಏನಾಗುತ್ತದೆ ಎಂದು ವಿವರವಾದ ಪತ್ರ ಬರೆಸಿದಳು. ಗಾಯ ಆಗಿರುವುದರಿಂದ ತುರ್ತಾಗಿ ನೋಡಿ ಎಂದೂ ಸೇರಿಸಿದರು.

ಒಂದು ಕೊರತೆ ಉಳಿಯಿತು. ಕಾಲು ಎಷ್ಟು ಬೆಳೆದಿದೆ ಎಂಬುದಕ್ಕೆ ಪುರಾವೆ ಏನು? ಆಸ್ಪತ್ರೆಯಲ್ಲಿ ಎರಡು ವರ್ಷದ ಹಿಂದಿನ ಅಳತೆ ಒಂದೇ ಇತ್ತು. ನರ್ಸಮ್ಮ ಯೋಚಿಸುತ್ತ ನಿಂತಿದ್ದಾಗ ಮೇಸ್ತ್ರಿ ಬಾಗಿಲ ಹಿಂದಿನ ಮೊಳೆಯಿಂದ ಕಾಗದದ ಕಟ್ಟೊಂದನ್ನು ಇಳಿಸಿದ. ಕಂದು ಕಾಗದದ ಮೇಲೆ ಪಾದವಿಟ್ಟು, ಸುತ್ತ ಪೆನ್ಸಿಲ್ ಗೆರೆ ಎಳೆದು, ತಾರೀಖು ಹಾಕುವುದು ಅವನ ಕಸುಬು. ಮಗಳ ಬೂಟು ಹೊಲಿಯುವಾಗಲೂ ಹಾಗೇ ಮಾಡಿದ್ದ. ಎರಡು ವರ್ಷದಲ್ಲಿ ಏಳು ಪಾದ! ಮೊದಲನೆಯದರ ಮೇಲೆ ಕೊನೆಯದನ್ನಿಟ್ಟು ಬೆಳಕಿಗೆ ಹಿಡಿದರೆ ಎರಡು ಬೆರಳಗಲದಷ್ಟು ವ್ಯತ್ಯಾಸ ಕಾಣುತ್ತಿತ್ತು.

"ಇಂಥ ಸಾಕ್ಷಿ ಇಟ್ಕೊಂಡು ಸುಮ್ನೆ ಕೂತಿದ್ರಾ?" ಎಂದು ನರ್ಸಮ್ಮ ಗದರಿದಳು, ಆದರೆ ನಗುತ್ತಲೇ.

ಮೇಲ್ಮನವಿ ಪತ್ರದ ಕೊನೆಯಲ್ಲಿ ಮೇಸ್ತ್ರಿ ತನ್ನ ಕೈಯಾರೆ ಮೂರು ಸಾಲು ಬರೆದ. "ಮೊದಲ ಫೋಟೋದಲ್ಲಿದ್ದ ರಿಪೇರಿ ಮಾಡಿದವನು ನಾನೇ. ಅದು ನೋಡಲು ಚೆನ್ನಾಗಿತ್ತು. ನನ್ನ ಮಗಳ ಕಾಲಿಗೆ ಗಾಯ ಮಾಡಿತು." ಎಲ್ಲದರ ಜೆರಾಕ್ಸ್ ತೆಗೆದಿಟ್ಟುಕೊಂಡು, ನಾಲ್ಕನೆಯ ದಿನವೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ರಸೀದಿಯನ್ನು ನೋಟುಬುಕ್ಕಿಗೆ ಅಂಟಿಸಿದರು. ಆರನೆಯ ದಿನಕ್ಕೆ ಮೊದಲೇ ಅದು ತಲುಪಿದ್ದನ್ನು ಫೋನು ಮಾಡಿ ಖಾತ್ರಿ ಮಾಡಿಕೊಂಡರು.

ಹನ್ನೆರಡನೆಯ ದಿನ ಮಧ್ಯಾಹ್ನ ಕಾರ್ಖಾನೆಯಿಂದ ಹೆಂಡತಿಯ ಫೋನು ಬಂತು. "ಮಂಜೂರಾಯ್ತು ರೀ," ಎಂದಳು. ಮೇಸ್ತ್ರಿ ಗಿರಾಕಿಯ ಬೂಟನ್ನು ಕೈಯಲ್ಲೇ ಹಿಡಿದುಕೊಂಡು ಶಾಲೆಯ ಕಡೆ ಓಡಿದ. ಆ ಗಿರಾಕಿ, ಪಾಪ, ಒಂದೇ ಬೂಟಿನಲ್ಲಿ ಅರ್ಧ ಗಂಟೆ ಕಾದ.

ಹೊಸ ಬ್ರೇಸು ಬಂದ ದಿನ ಮೇಸ್ತ್ರಿ ಅಂಗಡಿಯ ನೆಲದ ಮೇಲೆ ಕಂದು ಕಾಗದ ಹಾಸಿದ. ಗಾಯ ಮಾಗಿತ್ತು. ಗುಬ್ಬಿ ಬ್ರೇಸು ಕಟ್ಟಿಕೊಂಡೇ ಅದರ ಮೇಲೆ ನಿಂತಳು. ಅವನು ಪೆನ್ಸಿಲ್ ಹಿಡಿದು ಬೆರಳ ತುದಿಯಿಂದ ಸುತ್ತಿ ಬಂದ. ಹಿಮ್ಮಡಿ ಪೂರ್ತಿ ಕಾಗದದ ಮೇಲೆ ಕೂತಿತ್ತು. ಮತ್ತೊಮ್ಮೆ ಮುಟ್ಟಿ ನೋಡಿ ತಾರೀಖು ಬರೆದ. ತಲೆ ಎತ್ತುವಷ್ಟರಲ್ಲಿ ಗುಬ್ಬಿ ಬೀದಿಯ ಕೊನೆಯಲ್ಲಿದ್ದಳು.

ಅಪ್ಪಂದಿರೇ, ಅಮ್ಮಂದಿರೇ, ಈಗ ನಿಮ್ಮ ಮನೆಗೆ ಬರೋಣ. ನಿಮ್ಮ ಮಗುವಿನ ಬ್ರೇಸಿಗೋ, ಕಿವಿಯ ಯಂತ್ರಕ್ಕೋ, ಗಾಲಿಕುರ್ಚಿಗೋ ವಿಮೆಯವರು ಇಲ್ಲವೆಂದಿದ್ದಾರೆಯೇ? ಆ ಕಾಗದವನ್ನು ಕೊನೆಯ ಸಾಲಿನವರೆಗೆ ಓದಿ, ಓದಲು ಬಾರದಿದ್ದರೆ ಓದಿಸಿಕೊಳ್ಳಿ. ಕಾರಣ ಏನು, ಕೊನೆಯ ದಿನ ಯಾವುದು ಎಂದು ಗುರುತು ಹಾಕಿ. ಡಾಕ್ಟರಿಂದ ಪತ್ರ ಬರೆಸಿ. ಹರಿದದ್ದನ್ನು ಹರಿದಂತೆಯೇ ತೋರಿಸಿ, ನಾಚಿಕೆ ಬೇಡ. ಪ್ರತಿ ಇಟ್ಟುಕೊಂಡು, ರಸೀದಿ ಪಡೆದು, ಗಡುವಿನೊಳಗೆ ಮೇಲ್ಮನವಿ ಹಾಕಿ. ಎಲ್ಲರಿಗೂ ಗೆಲುವು ಸಿಕ್ಕೇ ಸಿಗುತ್ತದೆ ಎಂದು ಯಾರೂ ಹೇಳಲಾರರು, ಆದರೆ ಕೇಳದವರಿಗಂತೂ ಸಿಗುವುದಿಲ್ಲ.

ನಿಮ್ಮ ಆ ಕಾಗದ ಈಗ ಯಾವ ಬೂಟಿನೊಳಗಿದೆ? ಎದ್ದು ಹುಡುಕಿ. ದಿನ ಎಣಿಸಿ.