ಯಂತ್ರದ ಬಾಯಿಗೆ ಭಂಡಾರ

ಎಂಬತ್ತೇಳರ ದಸರೆ ಮುಗಿದ ಮರುದಿನ ಮುಂಜಾನೆ ಕಂಪ್ಯೂಟರ್ ಎಚ್ಚರಾಗಲಿಲ್ಲ.

ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಅದೊಂದೇ ಕಂಪ್ಯೂಟರ್, ಅದರ ಮುಂದೆ ಕೂರುವವಳು ನಾನೊಬ್ಬಳೇ. ಅದಕ್ಕೆ ನೆನಪೆಂಬುದಿರಲಿಲ್ಲ. ಆರಿಸಿದರೆ ತಾನು ಯಾರೆಂಬುದನ್ನೇ ಮರೆಯುತ್ತಿತ್ತು. ಮುಂಭಾಗದಲ್ಲಿ ಎರಡು ಸೀಳು; ಬೆಳಿಗ್ಗೆ ಎಡಗಡೆಯದಕ್ಕೆ ಕರಿಯ ಫ್ಲಾಪಿ ಹಾಕಿದರೆ ಅದನ್ನು ಓದಿಕೊಂಡು ಮೇಲೇಳುತ್ತಿತ್ತು. ನನ್ನನ್ನು ಸಾಕಿದ ಅಜ್ಜಿಯ ಕತೆಯೊಂದರಲ್ಲಿ ಇಂಥದೇ ರಾಜಕುಮಾರನಿದ್ದ. ದಿನವೂ ತನ್ನ ಹೆಸರು ಮರೆಯುವವನು, ನಾಲಿಗೆ ಮೇಲೆ ಎಲೆಯೊಂದನ್ನು ಇಟ್ಟರೆ ಮಾತ್ರ ರಾಜನಾಗುವವನು. ಎಲೆ ಇಡುವ ಹುಡುಗಿಯ ಹೆಸರನ್ನು ಅಜ್ಜಿ ಯಾವತ್ತೂ ಹೇಳಲಿಲ್ಲ.

ಆವತ್ತು ಫ್ಲಾಪಿ ಹಾಕಿದರೆ ಯಂತ್ರ ಕರಕರ ಎಂದಿತು, ಓದಲಾರೆ ಎಂದು ಪರದೆಯ ಮೇಲೆ ಬರೆದು ಸುಮ್ಮನಾಯಿತು.

ಮಾಲಕರಾದ ಬಾಳಾಸಾಹೇಬರು ಮಧ್ಯಾಹ್ನ ಬರುವವರಿದ್ದರು. "ಇದು ನಡೀಲಿಲ್ಲ ಅಂದ್ರ ಪೆಟ್ಟಿಗಿನೂ ವಾಪಸ್, ನೀನೂ ವಾಪಸ್" ಎಂದು ಮೊದಲ ದಿನವೇ ಹೇಳಿದ್ದರು. ವಾಪಸ್ ಎಂದರೆ ಖಾಸಬಾಗದ ಸೋದರಮಾವನ ಮನೆ. ಅಜ್ಜಿ ಹೋದ ಮೇಲೆ ಅಲ್ಲಿ ನಾನು ಮಾತಾಡಿದರೆ ಯಾರೂ ತಲೆಯೆತ್ತುತ್ತಿರಲಿಲ್ಲ.

ಖಾನಾಪುರದಲ್ಲೂ ನನ್ನೊಡನೆ ಮಾತಾಡುತ್ತಿದ್ದವನು ಒಬ್ಬನೇ, ಮುದಿ ವಾಚಮನ್ ಬೀರಣ್ಣ. ಮೊದಲು ಕುರಿ ಕಾಯುತ್ತಿದ್ದವನು. ಫ್ಯಾನಿನ ಗಾಳಿಗೆ ಅಂತ ನನ್ನ ಖೋಲಿಗೆ ಬಂದು ನೆಲದ ಮೇಲೆ ಕೂತು, ಸತ್ತುಹೋದ ಕುರಿಗಳ ಸ್ವಭಾವ ಹೇಳುತ್ತಿದ್ದ.

"ಏನಾತ್ರಿ ಅಕ್ಕಾರ?"

"ಏಳವಲ್ದು, ಕಾಕಾ."

"ಹಿಂಗ ಆಗಬಾರದಿತ್ತಲ್ಲ! ಖಂಡೇಪೂಜಿ ದಿವಸ, ಮಿಷನ್ ಪೂಜಿ ಮಾಡುಮುಂದ, ನಾನಽ ಬಾಯಿಗೆ ಭಂಡಾರ ಹಾಕೀನಿ."

"ಯಾವ ಬಾಯಿಗೆ?"

ಎಡಗಡೆಯ ಸೀಳು ತೋರಿಸಿದ. "ಕುರಿಮರಿಗೆ ಹಾಕೂದಿಲ್ಲೇನ್ರಿ? ಬೀರದೇವರ ಭಂಡಾರ. ಒಂದು ಚಿಟಿಕಿ. ಮತ್ತೊಂದು ಚಿಟಿಕಿ ನಿಮ್ಮ ಸಲುವಾಗಿ."

ಹೊರತೆಗೆದ ಫ್ಲಾಪಿಯ ಮೇಲೆ ಭಂಡಾರದ ಅರಿಷಿಣದ ಗೀರು ಕಂಡಿತು. ಬಯ್ಯಬೇಕೆಂದುಕೊಂಡೆ. ಬಯ್ಯುವ ಬದಲು ಎದ್ದು ಆಫೀಸಿಗೆ ನಡೆದೆ.

ಟಿಳಕವಾಡಿಯಲ್ಲಿ ನನಗೆ ಕಂಪ್ಯೂಟರ್ ಕಲಿಸಿದ ನಾಗಲಿಂಗ ಸರ್‌ಗೆ ಫೋನ್ ಮಾಡಿದೆ. ಪುಡಿ ಬಿದ್ದ ಎಡಗಡೆಯ ಸೀಳು ಕೆಟ್ಟಿರಬೇಕು, ಬಲಗಡೆಯದು ನೆಟ್ಟಗಿರುತ್ತದೆ ಎಂದರು. ಆದರೆ ಯಂತ್ರ ಏಳುವಾಗ ಕೇಳುವುದು ಎಡಗಡೆಯದನ್ನೇ. ಎರಡಕ್ಕೂ ಹೋಗುವ ವಾಯರ್ ಅದಲುಬದಲು ಮಾಡಿದರೆ ಬಲಗಡೆಯದನ್ನೇ ಎಡಗಡೆಯದೆಂದು ತಿಳಿದುಕೊಳ್ಳುತ್ತದೆ ಎಂದರು. ಫೋನು ಆಫೀಸಿನಲ್ಲಿ, ಯಂತ್ರ ಒಳಗಿನ ಖೋಲಿಯಲ್ಲಿ. ಬೀರಣ್ಣನ ಕೈಗೆ ಫೋನು ಕೊಟ್ಟು ಒಳಗೋಡಿದೆ.

"ಕರಂಟ್ ತಗದಾರೇನು ಅಂತಾರ್ರಿ!"

"ತಗದೀನಿ!"

"ತಗದಾರಂತ್ರೀ! ... ಅಕ್ಕಾರ, ಒದರಬ್ಯಾಡ ಅಂತಾರ್ರಿ ನನಗ, ಕಿವಿ ಹೋತಂತ."

ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ.

"ಅಗಲ ಪಟ್ಟಿ ವಾಯರ್ ಅಂತ! ತುದೀಗೆ ಜಡಿ ಹೆಣದಂಗ ತಿರುವಿರತೈತಂತ! ಆ ತುದಿ ಬಲಗಡೆಗೆ, ನಡುವಿಂದು ಎಡಗಡೆಗೆ!"

"ಬರವಲ್ದು, ಕಾಕಾ!"

"ಬರವಲ್ದಂತ್ರೀ! ... ಜಗ್ಗಬ್ಯಾಡ್ರಿ, ಸಾವಕಾಶ ಅಲ್ಲಾಡಿಸ್ರಿ ಅಂತ. ಹಲ್ಲ ಕೀಳೂ ಹಂಗ."

ವಾಯರ್ ಬದಲಿಸಿ, ಡಬ್ಬಿಯಲ್ಲಿದ್ದ ಫ್ಲಾಪಿಯ ಇನ್ನೊಂದು ಪ್ರತಿಯನ್ನು ಬಲಗಡೆ ಹಾಕಿ, ಸ್ವಿಚ್ ಒತ್ತಿದೆ. ಕೆಂಪು ದೀಪ ಹತ್ತಿತು. ಇಂದಿನ ತಾರೀಖು ಯಾವುದು ಎಂದು ಪರದೆ ಕೇಳಿತು. ನಾನು ಹೇಳಿದೆ, ಕೀಲಿ ಒತ್ತುವ ಮೊದಲು ಬಾಯಿಬಿಟ್ಟು.

ಬಾಳಾಸಾಹೇಬರು ಬಂದಾಗ ಯಂತ್ರ ಒಂದೇ ಸೀಳಿನ ಮೇಲೆ ನಡೆಯುತ್ತಿತ್ತು. ಎಡಗಡೆಯದಕ್ಕೆ ಏನಾಯಿತೆಂದು ಕೇಳಿದರು. ಬೀರಣ್ಣ ಬಾಗಿಲ ಬಳಿ ಟೊಪ್ಪಿಗೆ ತೆಗೆದು ನಿಂತಿದ್ದ.

"ಧೂಳ್ರಿ" ಎಂದೆ.

"ಹಂಚಿನ ಕಾರ್ಖಾನಿ, ಧೂಳು ಇರೂದಽ. ಇನ್ನ ಮ್ಯಾಲ ಬಾಗಲಾ ಹಾಕ್ಕೊಂಡು ಕುಂದರು. ಕೆಲಸ ನಿಂದಽ. ಬೀರಣ್ಣಾ, ಈ ಖೋಲಿಗೆ ಒಂದು ನರಪಿಳ್ಳಿನೂ ಬರಬಾರದು. ನಿನ್ನ ಜವಾಬ್ದಾರಿ."

"ಹೂಂನ್ರಿ ಸಾಹೇಬ್ರ."

ಅವರ ಜೀಪು ಹೋದ ಮೇಲೆ ಬಾಗಿಲು ತೆರೆದೆ. ಬೀರಣ್ಣ ಹೊಸ್ತಿಲಾಚೆ, ಬಿಸಿಲಿನಲ್ಲಿ, ಸ್ಟೂಲು ಹಾಕಿಕೊಂಡು ಕೂತಿದ್ದ.

"ಒಳಗ ಬರ್ರಿ, ಕಾಕಾ. ಫ್ಯಾನ್ ಹಚ್ಚೀನಿ."

"ಬ್ಯಾಡ್ರಿ ಅಕ್ಕಾರ" ಎಂದ. ಧೋತರದ ಅಂಚು ಝಾಡಿಸಿ ತೋರಿಸಿದ. "ನೋಡ್ರಿ, ನನ್ನ ಮೈತುಂಬ ಧೂಳಽ ಐತಿ."

ಆಮೇಲೆ ಬಾಗಿಲನ್ನು ಅವನೇ ಹೊರಗಿನಿಂದ ಮೆಲ್ಲಗೆ ಎಳೆದುಕೊಂಡ.