ಕಬ್ಬಿಣದ ವಾಸನೆ

ಕ್ಷೌರಿಕ ಪ್ರಿಮೋ ಕತ್ತಿ ಆಡಿಸುತ್ತ ಆ ಹಾಡನ್ನೇ ಗುನುಗುತ್ತಿದ್ದ. ಜಿನೋವಾದ ಬಂದರು ಬೀದಿಗಳಲ್ಲಿ ಆ ಬೇಸಿಗೆಯೆಲ್ಲ ಅದೇ ಹಾಡು: ಮಳೆ ಬಂತು, ಬಟ್ಟೆ ಎತ್ತಿಕೋ ಎಂದು ಕಿಟಕಿಯಿಂದ ಕೂಗುವ ತಾಯಿ.

“ಇಪ್ಪತ್ತು ವರ್ಷ ಚಂದ್ರ, ಹೃದಯ, ಕಣ್ಣೀರು ಅಂತ ಬರೆದ್ರಿ, ಸಾಹೇಬ್ರೇ. ಇದು ನೋಡಿ, ನಮ್ಮಮ್ಮನೇ ಕೂಗಿದ ಹಾಗಿದೆ. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?”

“ಸಾಕು ಬಿಡಯ್ಯ,” ಎಂದು ಎಲ್ವಿಯೋ ಅರ್ಧ ಕ್ಷೌರಕ್ಕೇ ಎದ್ದುಬಿಟ್ಟ.

ಹಾಡು ಅವನದಲ್ಲ. ಅವರ ನಾಲ್ವರ ಗಾಯನ ತಂಡಕ್ಕೆ ಹೋದ ವರ್ಷ ಸೇರಿದ ಫೌಸ್ತಾಳದು. ಲೇಖಕರ ಸಂಘದ ಪರೀಕ್ಷೆ ಪಾಸಾಗದವರ ಹಾಡು ಪಾಸಾದವರ ಹೆಸರಿನಲ್ಲಿ ದಾಖಲಾಗುವುದು ಆ ಕಸುಬಿನಲ್ಲಿ ಮಾಮೂಲು. ತಂಡದ ಮಂದ್ರ ದನಿಯೂ ಸಾಹಿತ್ಯ ಬರೆಯುವವನೂ ಎಲ್ವಿಯೋನೇ ಆದ್ದರಿಂದ ಅವನೇ ಸಹಿ ಹಾಕಿದ್ದ. ಈಗ ಬೀದಿಯಲ್ಲಿ ಜನ ನಿಲ್ಲಿಸಿ ಕೈಕುಲುಕಿದಾಗೆಲ್ಲ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಪರೀಕ್ಷೆಯ ಅರ್ಜಿ ತರಿಸಿಕೊಡಿ ಎಂದು ಅವಳು ಕೇಳಿದ್ದಳು. ಅರ್ಜಿ ಬಂದು ತಿಂಗಳಾಗಿತ್ತು. ಅವನ ಕೋಟಿನ ಒಳಜೇಬಿನಲ್ಲಿತ್ತು.

ತಾಲೀಮಿನ ಕೋಣೆಯಲ್ಲಿ ತಂಡಕ್ಕೆ ರಾಗ ಹಾಕುವ ರುಜ್ಜೇರೋ ಪಿಯಾನೋ ಮುಂದೆ ಕೂತಿದ್ದ. ಅವನ ಹೊಸ ರಾಗಕ್ಕೆ ಮಾತಿರಲಿಲ್ಲ. ಎಂದಿನಂತೆ ಒಂದು, ಎರಡು, ಏಳು ಎಂದು ಅಂಕಿಗಳನ್ನೇ ಹಾಡಿ ಅಳತೆ ಕೊಟ್ಟಿದ್ದ. ಆ ಅಂಕಿಗಳ ಜಾಗಕ್ಕೆ ಮಾತು ಕೂರಿಸಲು ಎಲ್ವಿಯೋ ಎರಡು ವಾರ ಒದ್ದಾಡಿದ್ದ. ಫೌಸ್ತಾ ಟ್ರಾಮಿನಲ್ಲಿ ಕೂತು ಬರೆದು ತಂದಿದ್ದಳು.

“ನೀವೇ ಸಹಿ ಹಾಕ್ಬಿಡಿ,” ಎಂದು ಎಲ್ವಿಯೋಗೆ ಹಾಳೆ ಕೊಟ್ಟಳು. “ಕಿವಿ ಹಿಂದೆ ಸೋಪು ಹಾಗೇ ಇದೆ.”

ಹಾಳೆಯಲ್ಲಿದ್ದ ಹಾಡು: ಹಡಗುಕಟ್ಟೆಯ ಕೆಲಸ ಮುಗಿಸಿ ಬಂದ ಅಪ್ಪ. ನಿಂಬೆ ಉಜ್ಜಿ ತೊಳೆದರೂ ಅವನ ಕೈ ಬಿಡದ ಕಬ್ಬಿಣ. ಎಲ್ವಿಯೋ ಮೂರು ಸಲ ಓದಿ ತಪ್ಪು ಹುಡುಕಿದ. ಸಿಗಲಿಲ್ಲ. ಪೆನ್ಸಿಲ್ ತೆಗೆದು ‘ಕಬ್ಬಿಣ’ ಹೊಡೆದು ‘ಕನಸು’ ಎಂದು ಬರೆದ.

“ನಿಂಬೆ ಹಾಕಿ ಕನಸು ಉಜ್ಜೋದಾ?” ಎಂದಳು ಫೌಸ್ತಾ.

“ಹಾಡಿಗೆ ಸ್ವಲ್ಪ ಎತ್ತರ ಬೇಕಮ್ಮ. ನೀನು ಇನ್ನೂ ಪಳಗಬೇಕು.”

ತಂಡದ ನಾಲ್ಕನೆಯವಳು ನೀವೆಸ್ ನಕ್ಕಳು. “ಕನಸಂತೆ! ನಮ್ಮಪ್ಪನ ಕೈ ಮೂಸಿದ್ರೆ ಗೊತ್ತಾಗ್ತಿತ್ತು ನಿಂಗೆ.”

“ಹಾಡಿ ನೋಡೋಣ,” ಎಂದ ರುಜ್ಜೇರೋ.

ಮೊದಲ ಸಾಲು ಸರಾಗವಾಗಿ ಹೋಯಿತು. ನಾಲ್ಕು ದನಿಗಳೂ ಕೂಡುವುದು ತಿದ್ದಿದ ಆ ಮಾತಿನ ಮೇಲೆಯೇ. ಮೂವರೂ ಕಾಗದ ನೋಡಿಕೊಂಡು ‘ಕನಸು’ ಎಂದರು. ಎಲ್ಲರ ಕೆಳಗಿನಿಂದ, ದಪ್ಪಗೆ, ಸ್ಪಷ್ಟವಾಗಿ, ಎಲ್ವಿಯೋನ ದನಿ ‘ಕಬ್ಬಿಣ’ ಎಂದಿತು.

ಪಿಯಾನೋ ನಿಂತಿತು.

“ಮಾರಾಯ, ನೀನೇ ತಿದ್ದಿದ್ದಲ್ವೇನೋ?” ಎಂದ ರುಜ್ಜೇರೋ.

ಫೌಸ್ತಾ ತನ್ನ ಚಪ್ಪಲಿ ನೋಡುತ್ತಿದ್ದಳು. ಅವಳು ನಕ್ಕಿದ್ದರೆ ಎಲ್ವಿಯೋಗೆ ಸುಲಭವಾಗುತ್ತಿತ್ತು. ಅವನು ರಬ್ಬರಿನಿಂದ ತನ್ನ ಮಾತನ್ನು ನಿಧಾನವಾಗಿ ಅಳಿಸಿದ. ಆಮೇಲೆ ಒಳಜೇಬಿಗೆ ಕೈ ಹಾಕಿ, ಮಡಿಕೆಗಳಲ್ಲಿ ಸವೆದಿದ್ದ ಅರ್ಜಿಯನ್ನು ಲಕೋಟೆ ಸಮೇತ ಪಿಯಾನೋ ಮೇಲಿಟ್ಟ.

ಫೌಸ್ತಾ ಬಿಡಿಸಿ ನೋಡಿದಳು. ಲಕೋಟೆಯ ಅಂಚೆ ಮುದ್ರೆಯ ತಾರೀಖನ್ನೂ ನೋಡಿದಳು.

“ಪೆನ್ನಿದೆಯಾ?” ಎಂದಳು.

ಪೆನ್ನು ಕೊಟ್ಟು ಅವನು ಕಿವಿಯ ಹಿಂದೆ ಉಜ್ಜಿಕೊಂಡ. ಒಣಗಿದ್ದ ಸೋಪು ಬಿಳಿ ಪುಡಿಯಾಗಿ, ಅವಳು ಹೆಸರು ಬರೆಯುತ್ತಿದ್ದ ಸಾಲಿನ ಮೇಲೆ ಉದುರಿತು. ಫೌಸ್ತಾ ಅದನ್ನು ಊದಿ, ಬರೆಯುವುದನ್ನು ಮುಂದುವರಿಸಿದಳು.